ಪ್ರಬಂಧಕ್ಕೆ ಐದು ಸಾವಿರ ಹೆಸರು, ಹುದ್ದೆ ಒಂದೇ: ಕಣ ಭೌತಶಾಸ್ತ್ರದ ಪ್ರೊಫೆಸರ್ ನೇಮಕ ಹೇಗೆ ನಡೆಯುತ್ತದೆ?

ಶಿರಸಿ, ಕುಮಟಾ, ಕಾರವಾರದ ಕಡೆ ಮದುವೆ ಮನೆಗೆ ಹೋದರೆ ಈಗೀಗ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ. "ನಿಮ್ಮ ಮಗಳು ಜಿನೀವಾದಲ್ಲಿ ಇದ್ದಾಳಂತಲ್ಲ, ಪಿಎಚ್‌ಡಿ ಮುಗಿದು ನಾಲ್ಕು ವರ್ಷ ಆಯ್ತಲ್ಲ, ಇನ್ನೂ ಪರ್ಮನೆಂಟ್ ಆಗಿಲ್ವಾ?" ಅಪ್ಪ ಅಮ್ಮನ ಹತ್ತಿರ ಉತ್ತರ ಇರುವುದಿಲ್ಲ. "ಆ ಲೈನೇ ಹಾಗಂತೆ" ಎಂದು ಮಾತು ಹಾರಿಸುತ್ತಾರೆ.

ಪ್ರಶ್ನೆ ಕೇಳಿದವರದ್ದೂ ತಪ್ಪಲ್ಲ. ಇಂಜಿನಿಯರಿಂಗ್ ಓದಿದವರಿಗೆ ಕ್ಯಾಂಪಸ್ ಇಂಟರ್‌ವ್ಯೂ ಇದೆ. ಸರ್ಕಾರಿ ಕಾಲೇಜಿನ ಹುದ್ದೆಗೆ ಪರೀಕ್ಷೆ ಇದೆ, ರ್‍ಯಾಂಕ್ ಪಟ್ಟಿ ಇದೆ. ಪ್ರಾಯೋಗಿಕ ಕಣ ಭೌತಶಾಸ್ತ್ರದಲ್ಲಿ ಪ್ರೊಫೆಸರ್ ಆಗುವುದಕ್ಕೆ ಮಾತ್ರ ಇಂಥ ನೇರ ದಾರಿ ಕಾಣುವುದಿಲ್ಲ. ಯಾಕೆ ಎಂಬುದಕ್ಕೆ ಚಿಕ್ಕ ಉತ್ತರ ಇದು: ಈ ಕ್ಷೇತ್ರದಲ್ಲಿ ಯಾರು ಎಷ್ಟು ಕೆಲಸ ಮಾಡಿದರು ಎಂಬುದು ಕಾಗದದ ಮೇಲೆ ಕಾಣುವುದಿಲ್ಲ. ಕಾಗದ ನೋಡಿ ಅಂಕ ಕೊಡುವ ಪದ್ಧತಿ ಇಲ್ಲಿ ಕೈಕೊಡುತ್ತದೆ. ಉದ್ದದ ಉತ್ತರ ಮುಂದಿದೆ.

## ಮೊದಲು, ಇವರು ಮಾಡುವುದೇನು?

"ಅಂದರೆ ಕೈಗಾದಂಥ ಕೆಲಸವಾ?" ಎಂದು ನಮ್ಮ ಜಿಲ್ಲೆಯಲ್ಲಿ ಕೇಳಿಯೇ ಕೇಳುತ್ತಾರೆ. ಹತ್ತಿರದ ನೆಂಟಸ್ತಿಕೆ ಇದೆ, ಆದರೆ ಕೆಲಸ ಬೇರೆ. ಕೈಗಾದಲ್ಲಿ ಯುರೇನಿಯಂ ಪರಮಾಣುವಿನ ಬೀಜವನ್ನು ಒಡೆದು, ಆ ಶಾಖದಲ್ಲಿ ನೀರು ಕುದಿಸಿ, ಆವಿಯಿಂದ ಟರ್ಬೈನ್ ತಿರುಗಿಸಿ ಕರೆಂಟ್ ತೆಗೆಯುತ್ತಾರೆ. ಕಣ ಭೌತಶಾಸ್ತ್ರದವರು ಆ ಬೀಜದ ಒಳಗೂ ಇನ್ನೂ ಒಳಗೆ ಹೋಗುತ್ತಾರೆ. ಪ್ರೋಟಾನ್ ಯಾವುದರಿಂದ ಆಗಿದೆ, ಎಲೆಕ್ಟ್ರಾನಿಗೆ ತೂಕ ಎಲ್ಲಿಂದ ಬಂತು, ನ್ಯೂಟ್ರಿನೋ ಎಂಬ ಕಣ ಭೂಮಿಯನ್ನೇ ತೂರಿಕೊಂಡು ಹೋಗುವಾಗ ಏನಾಗುತ್ತದೆ, ಇಂಥವು ಇವರ ಪ್ರಶ್ನೆಗಳು. ನೆಂಟಸ್ತಿಕೆ ಅಂದೆನಲ್ಲ, ಅದು ಈ ನ್ಯೂಟ್ರಿನೋದಿಂದ. ಅದರ ಪ್ರತಿಕಣ (ಅವಳಿಯಂಥ, ವಿರುದ್ಧ ಗುಣದ ಕಣ) ಮೊದಲು ಸಿಕ್ಕಿದ್ದೇ ಅಮೆರಿಕದ ಒಂದು ರಿಯಾಕ್ಟರ್ ಪಕ್ಕದಲ್ಲಿ, 1956ರಲ್ಲಿ. ಕೈಗಾದ ರಿಯಾಕ್ಟರ್‌ಗಳಿಂದಲೂ ಅವು ಹೊರಡುತ್ತಲೇ ಇವೆ, ನಮ್ಮ ಮೈಯನ್ನು ದಾಟಿ ಹೋಗುತ್ತಲೇ ಇವೆ. ಗಾಬರಿ ಬೇಡ, ಸೂರ್ಯನಿಂದಲೂ ಇಂಥ ಕಣಗಳು ಬರುತ್ತವೆ. ಅವು ಯಾವುದಕ್ಕೂ ತಾಗದೆ ಹೋಗುತ್ತವೆ ಎಂಬುದೇ ಅವನ್ನು ಹಿಡಿಯುವವರ ತಲೆನೋವು.

ಈ ಕ್ಷೇತ್ರದಲ್ಲಿ ಎರಡು ಬಗೆಯವರಿದ್ದಾರೆ. ಸಿದ್ಧಾಂತದವರು ಲೆಕ್ಕ ಹಾಕಿ "ಹೀಗೊಂದು ಕಣ ಇರಬೇಕು" ಎನ್ನುತ್ತಾರೆ. ಪ್ರಯೋಗದವರು ಯಂತ್ರ ಕಟ್ಟಿ ಅದು ನಿಜವಾ ಎಂದು ನೋಡುತ್ತಾರೆ. ಈ ಲೇಖನ ಎರಡನೆಯವರ ಬಗ್ಗೆ.

ಅವರ ಯಂತ್ರ ಎಷ್ಟು ದೊಡ್ಡದು? ಸ್ವಿಟ್ಜರ್ಲೆಂಡ್–ಫ್ರಾನ್ಸ್ ಗಡಿಯಲ್ಲಿ ಸರ್ನ್ ಎಂಬ ಪ್ರಯೋಗಾಲಯ ಇದೆ. 1954ರಲ್ಲಿ ಶುರುವಾದದ್ದು. ಅಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಎಲ್‌ಎಚ್‌ಸಿ ಎಂಬ ಯಂತ್ರ ಇದೆ. ಪ್ರೋಟಾನ್‌ಗಳ ಗುಂಪುಗಳನ್ನು ಎರಡು ದಿಕ್ಕಿನಿಂದ ಓಡಿಸಿ, ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರುಬದುರು ತರುತ್ತಾರೆ. ಡಿಕ್ಕಿಯಲ್ಲಿ ಏನು ಸಿಡಿಯಿತು ಎಂದು ದಾಖಲಿಸುವ ಉಪಕರಣವೇ ಡಿಟೆಕ್ಟರ್. ಅದರಲ್ಲಿ ಸಿಎಂಎಸ್ ಎಂಬ ಒಂದೇ ಡಿಟೆಕ್ಟರ್ 21 ಮೀಟರ್ ಉದ್ದ, 15 ಮೀಟರ್ ಅಗಲ, 14,000 ಟನ್ ತೂಕ.

ಭಾರತಕ್ಕೂ ಇದರಲ್ಲಿ ಹಳೆಯ ಪಾಲಿದೆ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು 1965ರಲ್ಲೇ ಹಿಡಿದಿದ್ದರು. ಸಿಎಂಎಸ್‌ನ ಒಂದು ಭಾಗಕ್ಕೆ ಬೇಕಾದ ಸಿಲಿಕಾನ್ ಸೆನ್ಸರ್‌ಗಳು ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾದವು. 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ ದೇಶ.

## 33 ಪುಟದ ಪ್ರಬಂಧದಲ್ಲಿ 24 ಪುಟ ಬರೀ ಹೆಸರು

ಎಲೆಕ್ಟ್ರಾನಿನಂಥ ಕಣಗಳಿಗೆ ತೂಕ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನಂಟಿರುವ ಕಣ ಹಿಗ್ಸ್ ಬೋಸಾನ್. ಅದು ಸಿಕ್ಕಿತು ಎಂದು 2012ರ ಜುಲೈ 4ರಂದು ಸರ್ನ್ ಪ್ರಕಟಿಸಿತು. ಆಮೇಲೆ ಆ ಕಣದ ದ್ರವ್ಯರಾಶಿ ಎಷ್ಟು ಎಂದು ಅಲ್ಲಿನ ಎರಡು ದೊಡ್ಡ ಪ್ರಯೋಗಗಳು, ಅಟ್ಲಾಸ್ ಮತ್ತು ಸಿಎಂಎಸ್, ಜೊತೆಯಾಗಿ ಅಳೆದವು. 2015ರಲ್ಲಿ ಆ ಪ್ರಬಂಧ ಅಚ್ಚಾಯಿತು. ಲೇಖಕರು 5,154 ಮಂದಿ. ಒಟ್ಟು 33 ಪುಟ. ಅದರಲ್ಲಿ ವಿಜ್ಞಾನ, ಆಕರಗಳು ಎಲ್ಲ ಸೇರಿ 9 ಪುಟ. ಉಳಿದ 24 ಪುಟ ಲೇಖಕರ ಹೆಸರು ಮತ್ತು ಅವರ ಸಂಸ್ಥೆಗಳ ಪಟ್ಟಿ.

ಇದು ತಮಾಷೆಯಾಗಿ ಕಾಣಬಹುದು. ಆದರೆ ಇಷ್ಟು ಜನ ಇಲ್ಲದೆ ಆ ಸಂಖ್ಯೆ ಬರುತ್ತಲೇ ಇರಲಿಲ್ಲ. ಒಬ್ಬರು ಸೆನ್ಸರ್ ಜೋಡಿಸಿದ್ದಾರೆ. ಇನ್ನೊಬ್ಬರು ಡಿಟೆಕ್ಟರ್‌ನೊಳಗಿನ ಅನಿಲದ ಶುದ್ಧತೆ ಕಾಯ್ದಿದ್ದಾರೆ. ಸೆಕೆಂಡಿಗೆ 4 ಕೋಟಿ ಘಟನೆಗಳನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಹಾಗಾಗಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಸಾಡಬೇಕು ಎಂದು ಆಗಿಂದಾಗ್ಗೆ ತೀರ್ಮಾನಿಸುವ ಟ್ರಿಗರ್ ಎಂಬ ವ್ಯವಸ್ಥೆ ಬೇಕು. ಅದನ್ನು ಮತ್ತೊಂದು ತಂಡ ಬರೆದಿದೆ. ರಾತ್ರಿ ಪಾಳಿಯಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂತವರಿದ್ದಾರೆ. ಕೊನೆಯಲ್ಲಿ ಡೇಟಾ ಜಾಲಾಡಿ ಗ್ರಾಫ್ ತೆಗೆದವರು ಬೆರಳೆಣಿಕೆಯಷ್ಟು.

ಇವರಲ್ಲಿ ಯಾರನ್ನು ಬಿಡುವುದು? ಯಾರನ್ನೂ ಬಿಡುವುದು ಬೇಡ ಎಂಬುದು ಈ ಕ್ಷೇತ್ರದ ರೂಢಿ. ಹೆಸರುಗಳು ಅಕ್ಷರಾನುಕ್ರಮದಲ್ಲಿ ಬರುತ್ತವೆ. ಮೊದಲ ಹೆಸರು ಇರುವವರು ಮುಖ್ಯ ಲೇಖಕರು ಅಂತ ಅಲ್ಲ, ಅವರ ಅಡ್ಡಹೆಸರು ಎ ಅಕ್ಷರದಿಂದ ಶುರು ಆಗುತ್ತದೆ, ಅಷ್ಟೇ. ಪಟ್ಟಿ ಸೇರುವುದು ಪುಕ್ಕಟೆಯೂ ಅಲ್ಲ. ಹೊಸಬರು ಮೊದಲು ಹಲವು ತಿಂಗಳು ಪ್ರಯೋಗಕ್ಕೆ ಬೇಕಾದ ಸಾಮಾನ್ಯ ಕೆಲಸ ಮಾಡಿಕೊಟ್ಟರೆ ಮಾತ್ರ ಹೆಸರು ಸೇರುತ್ತದೆ.

ಕಾರವಾರದ ಹಳಬರಿಗೆ ರಂಪಣಿ ಬಲೆ ನೆನಪಿರುತ್ತದೆ. ಎರಡೂ ಬದಿಯಲ್ಲಿ ಸಾಲುಗಟ್ಟಿ ನಿಂತು ದಡದಿಂದ ಎಳೆಯುತ್ತಿದ್ದ ದೊಡ್ಡ ಬಲೆ. ಬಂಗಡೆ ಬಂದರೆ ಎಳೆದವರಿಗೆಲ್ಲ ಪಾಲು. ಆದರೆ ಪಾಲು ಪಡೆದವರ ಪಟ್ಟಿ ನೋಡಿ ಯಾರು ಜೀವ ಬಿಟ್ಟು ಎಳೆದರು, ಯಾರು ಹಗ್ಗ ಹಿಡಿದು ಸುಮ್ನೆ ನಿಂತಿದ್ದರು ಎಂದು ಹೇಳಲು ಬರುವುದಿಲ್ಲ. ಅದು ಗೊತ್ತಿರುವುದು ಪಕ್ಕದಲ್ಲಿ ನಿಂತು ಎಳೆದವನಿಗೆ. ಕಣ ಭೌತಶಾಸ್ತ್ರದ ನೇಮಕಾತಿ ಇಡೀ ನಿಂತಿರುವುದು ಆ ಪಕ್ಕದವನ ಮಾತಿನ ಮೇಲೆ.

## ಪಕ್ಕದವನ ಮಾತು: ಶಿಫಾರಸು ಪತ್ರ

ನಮ್ಮಲ್ಲಿ ಶಿಫಾರಸು ಎಂದರೆ ಮನಸ್ಸಿಗೆ ಬರುವ ಅರ್ಥವೇ ಬೇರೆ. ಯಾರದೋ ಪ್ರಭಾವ, ಯಾರದೋ ಫೋನ್ ಕಾಲ್. ಇಲ್ಲಿನ ಶಿಫಾರಸು ಪತ್ರ ಅದಲ್ಲ. ಅಭ್ಯರ್ಥಿಯ ಜೊತೆ ಕೆಲಸ ಮಾಡಿದ ಮೂರೋ ನಾಲ್ಕೋ ಹಿರಿಯರು ನೇಮಕ ಮಾಡುವ ಸಂಸ್ಥೆಗೆ ನೇರವಾಗಿ ಬರೆಯುವ ಗುಟ್ಟಿನ ಪತ್ರ ಇದು. ಅಭ್ಯರ್ಥಿಗೆ ಅದನ್ನು ತೋರಿಸುವುದಿಲ್ಲ.

"ಇವರು ಪ್ರತಿಭಾವಂತೆ, ಶ್ರಮಜೀವಿ" ಎಂದಿಷ್ಟೇ ಬರೆದ ಪತ್ರವನ್ನು ಓದುವವರು ಪಕ್ಕಕ್ಕಿಡುತ್ತಾರೆ. ಬೇಕಾದದ್ದು ಇಂಥ ವಾಕ್ಯ: "ಡಿಟೆಕ್ಟರ್‌ನ ಒಂದು ಪದರ ಕೂದಲೆಳೆಯಷ್ಟು ಸರಿದಿದೆ ಎಂದು ಮೊದಲು ಕಂಡುಹಿಡಿದದ್ದು ಇವರು. ತಿದ್ದುವ ಪ್ರೋಗ್ರಾಂ ಬರೆದದ್ದೂ ಇವರೇ. ಇಡೀ ತಂಡ ಈಗ ಅದನ್ನೇ ಬಳಸುತ್ತಿದೆ." ಐದು ಸಾವಿರದಲ್ಲಿ ಒಂದು ಹೆಸರು ಇಲ್ಲಿ ಒಬ್ಬ ಮನುಷ್ಯರಾಗುತ್ತದೆ. ಬರೆಯುವವರಿಗೂ ಹೊಣೆ ಇದೆ. ಈ ಲೋಕ ಚಿಕ್ಕದು, ಸುಳ್ಳು ಹೊಗಳಿದವರ ಮುಂದಿನ ಪತ್ರವನ್ನು ಯಾರೂ ನಂಬುವುದಿಲ್ಲ. ಇದರ ಕೆಟ್ಟ ಮುಖವೂ ಇದೆ. ಹೆಸರಾಂತ ಹಿರಿಯರ ಗುಂಪಿನಲ್ಲಿ ಇದ್ದವರಿಗೆ ಪತ್ರದ ಬಲ ಸಿಗುತ್ತದೆ, ಸಣ್ಣ ಗುಂಪಿನಲ್ಲಿ ಕೆಲಸ ಮಾಡಿದವರಿಗೆ ಅಷ್ಟು ಸಿಗುವುದಿಲ್ಲ.

ಪತ್ರದ ಹೊರಗೂ ಕೆಲವು ಗುರುತುಗಳಿವೆ. ಪ್ರಕಟವಾಗುವ ಪ್ರಬಂಧಕ್ಕೆ ಮೊದಲು ತಂಡದೊಳಗೆ ಒಂದು ಆಂತರಿಕ ಟಿಪ್ಪಣಿ ಓಡಾಡುತ್ತದೆ. ಅದರಲ್ಲಿ ನಿಜವಾಗಿ ಕೆಲಸ ಮಾಡಿದ ಕೆಲವರ ಹೆಸರು ಮಾತ್ರ ಇರುತ್ತದೆ. ದೊಡ್ಡ ಸಮ್ಮೇಳನದಲ್ಲಿ ಇಡೀ ತಂಡದ ಪರವಾಗಿ ಮಾತಾಡಲು ಯಾರನ್ನು ಕಳಿಸಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದು ಉಪತಂಡವನ್ನು ನಡೆಸುವ ಸಂಚಾಲಕ ಹುದ್ದೆ ಸಿಕ್ಕಿದ್ದರೆ ಅದಕ್ಕೆ ಜಾಸ್ತಿ ತೂಕ. ಅದಕ್ಕೇ ಅನುಭವ ಇರುವವರು ಅರ್ಜಿಯಲ್ಲಿ ನಾನೂರು ಪ್ರಬಂಧಗಳ ಪಟ್ಟಿ ಹಾಕಿ ಕೈತೊಳೆದುಕೊಳ್ಳುವುದಿಲ್ಲ. ಅದರಲ್ಲಿ ಐದಾರನ್ನು ಬೇರೆ ಮಾಡಿ, ಇದರಲ್ಲಿ ನಾನು ಮಾಡಿದ್ದು ಇಷ್ಟು ಎಂದು ಒಂದೊಂದಕ್ಕೂ ಎರಡು ಸಾಲು ಬರೆಯುತ್ತಾರೆ.

ಆಮೇಲೆ ಸೆಮಿನಾರ್. ಸುಮಾರು ಒಂದು ತಾಸು, ವಿಭಾಗದ ಎಲ್ಲರೂ ಬರುತ್ತಾರೆ. ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಾರೆ: "ಆ ಮೂರನೇ ಚುಕ್ಕಿ ಯಾಕೆ ಗೆರೆಯಿಂದ ಮೇಲಿದೆ?" ಆ ಗ್ರಾಫನ್ನು ತಾನೇ ತೆಗೆದವರು ತಡಬಡಾಯಿಸುವುದಿಲ್ಲ. ಅಲ್ಲಿ ಏನು ಅನುಮಾನ ಬಂತು, ಏನೇನು ಪರೀಕ್ಷಿಸಿದೆವು, ಯಾವುದು ಇನ್ನೂ ಬಗೆಹರಿದಿಲ್ಲ ಎಂದು ಹೇಳುತ್ತಾರೆ. ಬೇರೆಯವರ ಗ್ರಾಫ್ ಹಾಕಿಕೊಂಡು ಬಂದವರು "ಅದು ಬೇರೆ ಗುಂಪಿನವರು ನೋಡಿಕೊಂಡರು" ಎನ್ನುತ್ತಾರೆ. ಹುದ್ದೆ ಯಾರಿಗೆ ಎಂಬುದು ಎಷ್ಟೋ ಸಲ ಆ ಒಂದು ಉತ್ತರದಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ.

## ಯುಜಿಸಿ ಕೋಷ್ಟಕಕ್ಕೆ ಈ ಪ್ರಬಂಧವನ್ನು ಹಾಕಿ ನೋಡೋಣ

ನಮ್ಮ ವಿಶ್ವವಿದ್ಯಾಲಯಗಳು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದ ಕೆಳಗೆ ಬರುತ್ತವೆ. 2018ರ ನಿಯಮಾವಳಿಯಲ್ಲಿ ಸಂಶೋಧನೆಗೆ ಅಂಕ ಕೊಡುವ ಒಂದು ಕೋಷ್ಟಕ ಇದೆ. ವಿಜ್ಞಾನದಲ್ಲಿ ಒಂದು ಪ್ರಬಂಧಕ್ಕೆ ಮೂಲ ಅಂಕ 8. ಇಬ್ಬರಿಗಿಂತ ಜಾಸ್ತಿ ಲೇಖಕರಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30.

ಆ 5,154 ಹೆಸರಿನ ಪ್ರಬಂಧಕ್ಕೆ ಇದನ್ನು ಹಚ್ಚಿ. ಅಕ್ಷರಾನುಕ್ರಮದ ಅದೃಷ್ಟದಿಂದ ಮೊದಲು ಬಂದವರಿಗೆ 5.6 ಅಂಕ. ಉಳಿದ 5,153 ಮಂದಿಗೆ ತಲಾ 2.4. ಎಂಟು ಅಂಕದ ಪ್ರಬಂಧ ಹನ್ನೆರಡು ಸಾವಿರಕ್ಕೂ ಜಾಸ್ತಿ ಅಂಕ ಹಂಚಿತು! ಪತ್ರಿಕೆಯ ದರ್ಜೆಗೆ ಸಿಗುವ ಹೆಚ್ಚುವರಿ ಅಂಕವನ್ನು ನಾನಿಲ್ಲಿ ಸೇರಿಸಿಲ್ಲ.

ಇನ್ನೊಂದು ಹೆಜ್ಜೆ ಹೋಗೋಣ. ಸಿಎಂಎಸ್ ಪ್ರಯೋಗ ತನ್ನ ಸಾವಿರದ ಪ್ರಬಂಧವನ್ನು 2020ರಲ್ಲಿ ಮುಟ್ಟಿತು. ಡಿಕ್ಕಿ ಶುರುವಾದ ಮೇಲೆ ವರ್ಷಕ್ಕೆ ಸರಾಸರಿ ನೂರು ಎಂದುಕೊಳ್ಳಿ. ಎಲ್ಲದರಲ್ಲೂ ಹೆಸರಿರುವ ಒಬ್ಬರಿಗೆ ವರ್ಷಕ್ಕೆ 240 ಅಂಕ. ಅಸೋಸಿಯೇಟ್ ಪ್ರೊಫೆಸರ್ ಆಗಲು ಬೇಕಾದ ಸಂಶೋಧನಾ ಅಂಕ 75, ಪ್ರೊಫೆಸರ್‌ಗೆ 120. ಆರು ತಿಂಗಳ ಹೆಸರಿನಲ್ಲಿ ಪ್ರೊಫೆಸರ್‌ಗೆ ಬೇಕಾದ ಅಂಕ ಮುಗಿಯಿತು. ಅನುಭವದ ವರ್ಷಗಳ ಷರತ್ತು ಬೇರೆ ಇದೆ, ಹಾಗಾಗಿ ಹುದ್ದೆ ಅಷ್ಟು ಬೇಗ ಸಿಗುವುದಿಲ್ಲ, ಆದರೆ ಅಂಕಕ್ಕೆ ಅರ್ಥವೇ ಉಳಿಯಲಿಲ್ಲ ಅಲ್ವಾ? ಅದೇ ಹೊತ್ತಿಗೆ ಲ್ಯಾಬಿನಲ್ಲಿ ಇಬ್ಬರೇ ಸೇರಿ ವರ್ಷವಿಡೀ ಒದ್ದಾಡಿ ಎರಡು ಪ್ರಬಂಧ ತಂದವರಿಗೆ ಸಿಗುವುದು 11.2.

ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಯ ಕೋಷ್ಟಕದಲ್ಲಿ ಎಡವಟ್ಟು ಉಲ್ಟಾ ದಿಕ್ಕಿನದ್ದು. ಒಟ್ಟು 100 ಅಂಕ. ಪದವಿಯ ಶೇಕಡಾವಾರಿಗೆ 15, ಸ್ನಾತಕೋತ್ತರಕ್ಕೆ 25, ಪಿಎಚ್‌ಡಿಗೆ 30, ನೆಟ್ ಎಂಬ ಅರ್ಹತಾ ಪರೀಕ್ಷೆಯನ್ನು ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಹಿತ ಪಾಸಾದರೆ 7. ಪ್ರಬಂಧಕ್ಕೆ ತಲಾ 2ರಂತೆ ಗರಿಷ್ಠ 10. ಬೋಧನೆ ಅಥವಾ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಗುತ್ತಿಗೆ ಸಂಶೋಧನೆ) ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಪ್ರಶಸ್ತಿಗೆ 3. ಐದು ಪ್ರಬಂಧ ಇದ್ದವರಿಗೂ ಐನೂರು ಇದ್ದವರಿಗೂ ಇಲ್ಲಿ ಒಂದೇ ಅಂಕ. ಹತ್ತು ವರ್ಷದ ಹಿಂದೆ ಬಿಎಸ್ಸಿಯಲ್ಲಿ ಶೇ. 79 ಬಂದಿತ್ತಾ 80 ಬಂದಿತ್ತಾ ಎಂಬುದು ಮಾತ್ರ ಎರಡು ಅಂಕದ ವ್ಯತ್ಯಾಸ ತರುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಈ ಅಂಕ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎಂದು ಜರಡಿ ಹಿಡಿಯಲು ಮಾತ್ರ. ಆಯ್ಕೆ ಸಂದರ್ಶನದ ಮೇಲೆ. ಸಮಿತಿಗೆ ಕುಲಪತಿ ಅಧ್ಯಕ್ಷರು, ಜೊತೆಗೆ ಮೂವರು ವಿಷಯ ತಜ್ಞರು, ಡೀನ್, ವಿಭಾಗದ ಮುಖ್ಯಸ್ಥರು ಮೊದಲಾದವರು ಇರುತ್ತಾರೆ. ತಜ್ಞರಲ್ಲಿ ಒಬ್ಬರಾದರೂ ಈ ಕ್ಷೇತ್ರದವರಾಗಿದ್ದರೆ ಅಭ್ಯರ್ಥಿಯ ಭಾಷೆ ಅವರಿಗೆ ಅರ್ಥವಾಗುತ್ತದೆ. ಭೌತಶಾಸ್ತ್ರದ ಹುದ್ದೆ ಎಂದು ಮಾತ್ರ ಪ್ರಕಟಿಸಿ ಮೂವರೂ ಬೇರೆ ಉಪವಿಷಯದವರು ಬಂದರೆ ಕಷ್ಟ. ಕೋಷ್ಟಕವನ್ನು ತಂದ ಉದ್ದೇಶವೂ ಕೆಟ್ಟದ್ದಲ್ಲ. ವಶೀಲಿ ತಡೆಯಲು ಕಣ್ಣಿಗೆ ಕಾಣುವ ಅಳತೆ ಬೇಕಿತ್ತು. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡಿನಲ್ಲಿ ಈ ಅಂಕ ಪದ್ಧತಿಯನ್ನು ಬಿಡುವ ಪ್ರಸ್ತಾಪ ಇತ್ತು. ಅದಕ್ಕೆ ಬೇರೆ ಕಾರಣಗಳಿಗಾಗಿ ರಾಜ್ಯಗಳಿಂದ ದೊಡ್ಡ ವಿರೋಧವೂ ಬಂತು.

ಟಿಐಎಫ್‌ಆರ್, ಐಐಎಸ್ಸಿ, ಐಸರ್, ಐಐಟಿಗಳಂಥ ರಾಷ್ಟ್ರೀಯ ಸಂಶೋಧನಾ ಸಂಸ್ಥೆಗಳ ದಾರಿ ಬೇರೆ. ಅಲ್ಲಿ ಪತ್ರ, ಸಂಶೋಧನಾ ಯೋಜನೆ, ಸೆಮಿನಾರ್, ಸಂದರ್ಶನ ಇವಕ್ಕೇ ಒತ್ತು. ಹಲವು ಕಡೆ ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತಾರೆ. ದೇಶದಲ್ಲಿ ಈ ಕ್ಷೇತ್ರದ ಹುದ್ದೆಗಳಲ್ಲಿ ದೊಡ್ಡ ಪಾಲು ಇರುವುದೂ ಇಂಥ ಸಂಸ್ಥೆಗಳಲ್ಲೇ.

## ನಾಲ್ಕು ವರ್ಷ ಆದರೂ ಯಾಕೆ ಕಾಯಬೇಕು?

ಪಿಎಚ್‌ಡಿ ಮುಗಿದ ಮೇಲಿನ ಹಂತ ಪೋಸ್ಟ್‌ಡಾಕ್. ಎರಡು ಮೂರು ವರ್ಷದ ಗುತ್ತಿಗೆ ಕೆಲಸ. ಒಂದು ಮುಗಿದರೆ ಇನ್ನೊಂದು ಊರು, ಇನ್ನೊಂದು ಗುತ್ತಿಗೆ. ಕಾಯಂ ಹುದ್ದೆ ಸಿಗುವ ಹೊತ್ತಿಗೆ ಮೂವತ್ತೈದರ ಆಸುಪಾಸು ಆಗಿರುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಹಾಗಾಗಿ ಜಿನೀವಾದ ಮಗಳು ಹಿಂದೆ ಬಿದ್ದಿಲ್ಲ, ಸಾಲಿನಲ್ಲೇ ಇದ್ದಾಳೆ.

ಸಂಸ್ಥೆಯೂ ಅವಸರ ಮಾಡುವುದಿಲ್ಲ, ಅದಕ್ಕೆ ಕಾರಣ ಇದೆ. ಇಲ್ಲಿ ಒಬ್ಬರನ್ನು ತೆಗೆದುಕೊಂಡರೆ ಅವರ ಜೊತೆ ಒಂದು ಲ್ಯಾಬ್, ವಿದ್ಯಾರ್ಥಿಗಳು, ಒಂದು ಅಂತರರಾಷ್ಟ್ರೀಯ ಒಪ್ಪಂದ, ಇಪ್ಪತ್ತು ಮೂವತ್ತು ವರ್ಷದ ಖರ್ಚು ಎಲ್ಲವೂ ಬರುತ್ತದೆ. ಡಿಟೆಕ್ಟರ್ ಕೆಲಸಕ್ಕೆ ಧೂಳಿಲ್ಲದ ಕೋಣೆ ಬೇಕು, ಅನಿಲದ ಸಿಲಿಂಡರ್‌ಗಳು ಬೇಕು, ಸಾವಿರಾರು ವೋಲ್ಟಿನ ವಿದ್ಯುತ್ ಬೇಕು. ಆ ಪ್ರಯೋಗವೇ ನಡೆಯದಿದ್ದರೆ?

ನಡೆಯದೆ ಇರುವುದೂ ಉಂಟು, ತಡವಾಗುವುದೂ ಉಂಟು. ಎಲ್‌ಎಚ್‌ಸಿಗೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಪ್ರೋಟಾನ್‌ಗಳು ಮೊದಲ ಸಲ ಸುತ್ತಿದ್ದು 2008ರ ಸೆಪ್ಟೆಂಬರ್ 10ರಂದು. ಒಂಬತ್ತೇ ದಿನಕ್ಕೆ ಅಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಜೋಡಣೆ ಕೆಟ್ಟು, ಯಂತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಹೆಚ್ಚಿನ ಶಕ್ತಿಯ ಡಿಕ್ಕಿಗಳು ಶುರುವಾದದ್ದು 2010ರ ಮಾರ್ಚ್ 30ರಂದು. ಅಮೆರಿಕದಲ್ಲಿ ಹೊಸ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಸುಮಾರು ಆರನೇ ವರ್ಷಕ್ಕೆ ಕಾಯಂ ಮಾಡುವುದಾ, ಮನೆಗೆ ಕಳಿಸುವುದಾ ಎಂಬ ತೀರ್ಮಾನ ಆಗುತ್ತದೆ. 2004ರಲ್ಲಿ ಈ ಪ್ರಯೋಗವನ್ನೇ ನಂಬಿ ಸೇರಿದವರ ಕೈಯಲ್ಲಿ ಆರು ವರ್ಷ ಡೇಟಾವೇ ಇರಲಿಲ್ಲ! ಹಾಗಾಗಿ ಅನೇಕರು ಒಂದು ಕಾಲನ್ನು ಶಿಕಾಗೋ ಹತ್ತಿರದ ಫರ್ಮಿಲ್ಯಾಬ್‌ನಲ್ಲಿ ಇಟ್ಟುಕೊಂಡಿದ್ದರು. ಅಲ್ಲಿನ ಟೆವಟ್ರಾನ್ ಯಂತ್ರ 2011ರವರೆಗೆ ಓಡುತ್ತಿತ್ತು.

ನಮ್ಮ ದೇಶದ ಉದಾಹರಣೆ ತಮಿಳುನಾಡಿನ ತೇನಿ ಜಿಲ್ಲೆಯ ನ್ಯೂಟ್ರಿನೋ ವೀಕ್ಷಣಾಲಯ. ಗುಡ್ಡದೊಳಗೆ 50,000 ಟನ್ ಕಬ್ಬಿಣದ ಡಿಟೆಕ್ಟರ್ ಕಟ್ಟುವ ಯೋಜನೆಗೆ 2015ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಸ್ಥಳೀಯರ ವಿರೋಧ, ಪರಿಸರ ಅನುಮತಿ, ಕೋರ್ಟ್ ಕೇಸುಗಳಲ್ಲಿ ಅದು ಸಿಕ್ಕಿಬಿತ್ತು. ಬೇಡ್ತಿ, ಕೈಗಾ ಚಳವಳಿಗಳನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಯೋಜನೆಗೆಂದೇ ತರಬೇತಿ ಪಡೆದ ಯುವಕ ಯುವತಿಯರು ಬೇರೆ ಪ್ರಯೋಗಗಳನ್ನು ಹುಡುಕಿಕೊಳ್ಳಬೇಕಾಯಿತು. ಸಂದರ್ಶನದಲ್ಲಿ "ನಿಮ್ಮ ಪ್ರಯೋಗ ನಿಂತರೆ ಏನು ಮಾಡುತ್ತೀರಿ?" ಎಂದು ಕೇಳುವುದು ಇದಕ್ಕೇ.

ಎಲ್ಲರಿಗೂ ಹುದ್ದೆ ಸಿಗುವುದಿಲ್ಲ. ಬಹಳಷ್ಟು ಪಿಎಚ್‌ಡಿಗಳು ಡೇಟಾ ಸೈನ್ಸ್, ವೈದ್ಯಕೀಯ ಉಪಕರಣ, ಬ್ಯಾಂಕಿಂಗ್ ಕಡೆ ಹೋಗುತ್ತಾರೆ, ಚೆನ್ನಾಗಿಯೇ ದುಡಿಯುತ್ತಾರೆ. ಕೋಟಿಗಟ್ಟಲೆ ಘಟನೆಗಳಲ್ಲಿ ಒಂದನ್ನು ಹೆಕ್ಕುವ ಅಭ್ಯಾಸಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದೆ.

## ಇಲ್ಲಿಂದ ಹೋಗುವವರಿಗೆ

ಶಿರಸಿ, ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರದ ಪದವಿ ಕಾಲೇಜುಗಳಲ್ಲಿ ಬಿಎಸ್ಸಿ ಮಾಡಿದವರ ಮಾಮೂಲಿ ದಾರಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಂಎಸ್ಸಿ. ಐಐಟಿಗಳ ಎಂಎಸ್ಸಿಗೆ ಜಾಮ್ ಪರೀಕ್ಷೆ ಇದೆ. ಪಿಎಚ್‌ಡಿಗೆ ಜೆಸ್ಟ್, ಟಿಐಎಫ್‌ಆರ್‌ನ ಸ್ವಂತ ಪರೀಕ್ಷೆ, ಗೇಟ್, ನೆಟ್ ಇವೆ. ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಯುಜಿಸಿ ವೇತನದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ಸಂಬಳ ಶುರುವಾಗುವುದು 57,700ರಿಂದ, ಐಐಟಿಗಳಲ್ಲಿ ಅನುಭವ ಇರುವವರಿಗೆ 1,01,500ರಿಂದ.

ಇವೆಲ್ಲಕ್ಕಿಂತ ಮೊದಲು, ಈ ಕೆಲಸ ತನಗೆ ಹಿಡಿಸುತ್ತದಾ ಎಂದು ಊರಲ್ಲೇ ಕೂತು ನೋಡಬಹುದು. ಸಿಎಂಎಸ್ ತನ್ನ ನಿಜವಾದ ಡಿಕ್ಕಿಗಳ ಡೇಟಾವನ್ನು 2014ರಿಂದ ಸರ್ನ್‌ನ ಓಪನ್ ಡೇಟಾ ತಾಣದಲ್ಲಿ ಎಲ್ಲರಿಗೂ ಬಿಟ್ಟಿದೆ. ಲಾಗಿನ್ ಬೇಡ, ದುಡ್ಡು ಬೇಡ. ಸ್ವಲ್ಪ ಪೈಥಾನ್ ಬಂದರೆ ಎರಡೆರಡು ಮ್ಯುವಾನ್ (ಎಲೆಕ್ಟ್ರಾನಿನ ಭಾರದ ಅಣ್ಣನಂಥ ಕಣ) ಇರುವ ಘಟನೆಗಳನ್ನು ಇಳಿಸಿಕೊಂಡು, ಜೋಡಿಯ ದ್ರವ್ಯರಾಶಿ ಲೆಕ್ಕ ಹಾಕಿ ಗ್ರಾಫ್ ತೆಗೆಯಬಹುದು. ಲೆಕ್ಕ ಸರಿ ಇದ್ದರೆ 91 ಜಿಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ ಒಂದು ಗುಡ್ಡ ಏಳುತ್ತದೆ. ಅದು ಜ಼ೆಡ್ ಬೋಸಾನ್, ಮ್ಯುವಾನ್ ಜೋಡಿಯಾಗಿ ಒಡೆಯಬಲ್ಲ ಒಂದು ಭಾರದ ಕಣ. ಸರ್ನ್‌ನ ಬೇಸಿಗೆ ವಿದ್ಯಾರ್ಥಿ ಯೋಜನೆಗೆ ಅರ್ಜಿ ಹಾಕುವ ಕೊನೆಯ ದಿನ ಸಾಮಾನ್ಯವಾಗಿ ಜನವರಿ ಕೊನೆಗೆ ಇರುತ್ತದೆ. ಆ ಅರ್ಜಿಗೂ ಶಿಫಾರಸು ಪತ್ರ ಬೇಕು, ಆದ್ದರಿಂದ ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿರುವ ಮೇಷ್ಟ್ರನ್ನು ಡಿಸೆಂಬರ್‌ನಲ್ಲೇ ಕೇಳಿಡಿ.